ತೀರ್ಥಮ್ಮ ಕೇಳಿ ಕೇಳಿ ತಂದ ವಾಷಿಂಗ್ ಮಷೀನು

ಪಂಚನಹಳ್ಳಿಯ ಶಿವಮೂರ್ತಪ್ಪನಿಗೆ ಬಲಗಡೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಆ ಮನೆಯಲ್ಲಿ ಒಗೆಯುವ ಬಟ್ಟೆ ವಿಪರೀತ ಹೆಚ್ಚಾಯಿತು. ಬೆಳಗಾದರೆ ದುಪ್ಪಟಿ, ಹೊದಿಕೆ, ಪಂಚೆ. ಸಂಜೆಗೆ ಮತ್ತೆ ಅಷ್ಟೇ. ಮಗ ಓಂಕಾರೇಶ್‌ಗೆ ತೆಂಗಿನ ತೋಟದ ಕೆಲಸ, ಸೊಸೆ ದೀಪಶ್ರೀಗೆ ಅಡುಗೆ, ದನಕರು. ಒಗೆಯುವ ಕಲ್ಲಿನ ಹತ್ತಿರ ಮಾತ್ರ ಶಿವಮೂರ್ತಪ್ಪನ ಹೆಂಡತಿ ತೀರ್ಥಮ್ಮ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಅಲ್ಲಿಯ ಬೋರ್‌ವೆಲ್ ನೀರು ಗಡಸು. ಎಷ್ಟು ಸೋಪು ಉಜ್ಜಿದರೂ ನೊರೆ ಏಳುವುದಿಲ್ಲ. ತೀರ್ಥಮ್ಮನ ಬೆರಳ ಸಂದುಗಳು ಒಡೆದು ಕೆಂಪಾಗಿದ್ದವು. ನೆಂದ ದುಪ್ಪಟಿ ಹಿಂಡುವಾಗ ಮಣಿಕಟ್ಟು ಚುಳ್ ಎನ್ನುತ್ತಿತ್ತು.

"ಅತ್ತೆ, ಒಂದ್ ವಾಷಿಂಗ್ ಮಷೀನ್ ತರಾಣ" ಎಂದಳು ದೀಪಶ್ರೀ.

"ಯಾಕೆ, ನನ್ ಕೈ ಬಿದ್ದೋಗಿದಾವಾ? ನಮ್ ನೀರಿಗೆ ಹಂಡೇನೇ ಬೆಳ್ಳಗೆ ಪೊರೆ ಕಟ್ತದೆ, ಇನ್ನು ಅದರ ಹೊಟ್ಟೆ ಉಳೀತದಾ? ಮಧ್ಯದಲ್ಲಿ ಕರೆಂಟ್ ಹೋದ್ರೆ ಬಟ್ಟೆ ಅದ್ರೊಳಗೇ ಕೊಳೀತಾ ಕೂತಿರ್ಬೇಕು. ಕೆಟ್ರೆ ಇಲ್ಲಿಗಂಟ ಯಾವನ್ ಬತ್ತಾನೆ? ಒದ್ದೆ ಕೈಲಿ ಮುಟ್ಟಿದ್ರೆ ಶಾಕ್ ಹೊಡೀತದೆ. ಸುಮ್ನಿರು."

ದೀಪಶ್ರೀ ದನಕರುಗಳ ಕಡೆ ಹೋದಳು. ಅತ್ತೆಯ ಹತ್ತಿರ ವಾದ ಮಾಡಿ ಗೆದ್ದವರಿರಲಿಲ್ಲ.

ಒಂದು ಬೆಳಿಗ್ಗೆ ಶಿವಮೂರ್ತಪ್ಪ ಚಳಿಜ್ವರದಿಂದ ಗಡಗಡ ನಡುಗತೊಡಗಿದ. ಓಂಕಾರೇಶ್ ಕಾರು ಮಾಡಿಕೊಂಡು, ತಾಯಿ, ಹೆಂಡತಿಯ ಜೊತೆ ಅವನನ್ನು ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಪರೀಕ್ಷೆ ಮಾಡಿದ ಡಾಕ್ಟರು, "ಮೂತ್ರದಲ್ಲಿ ಸೋಂಕಾಗಿದೆ. ಇವರು ನೀರೇ ಕುಡೀತಿಲ್ಲ ಅನ್ಸುತ್ತೆ. ಯಾಕಮ್ಮ, ಕೊಡ್ತಿಲ್ವಾ?" ಎಂದು ಕೇಳಿದರು.

"ಅಯ್ಯೋ ಸ್ವಾಮಿ, ತಲೆದೆಸೇಲೇ ಚೊಂಬು ಇಟ್ಟಿರ್ತೀನಿ. ಖಾಲಿನೂ ಆಗ್ತದೆ" ಎಂದಳು ತೀರ್ಥಮ್ಮ.

ಹೊರಗೆ ಬೆಂಚಿನ ಮೇಲೆ ಗಂಡನನ್ನು ಒರಗಿಸಿಕೊಂಡು ಕೂತಾಗ ಮೆಲ್ಲಗೆ ಕೇಳಿದಳು. ಶಿವಮೂರ್ತಪ್ಪನ ಮಾತು ಇನ್ನೂ ತೊದಲುತ್ತಿತ್ತು.

"ಎಡಗೈಲಿ... ಕಿಟಕಿಯಿಂದ... ಚೆಲ್ತಿದ್ದೆ."

"ಚೆಲ್ತಿದ್ರಾ? ಯಾಕ್ರೀ?"

"ಕುಡುದ್ರೆ ಹಾಸಿಗೆ ಒದ್ದೆ ಆಗ್ತದೆ. ನೀನ್ ಮತ್ತೆ ಒಗೀಬೇಕು. ನಿನ್ ಕೈ ನೋಡಕ್ಕಾಗಲ್ಲ ಕಣೇ."

ತೀರ್ಥಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ತಾನು ಹಟ ಹಿಡಿದು ಒಗೆದ ಒಂದೊಂದು ದುಪ್ಪಟಿಯನ್ನೂ ಈ ಮನುಷ್ಯ ಮಲಗಿದಲ್ಲಿಂದಲೇ ನೋಡಿ ನೊಂದಿದ್ದಾನೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅತ್ತರೆ ಅವನು ಇನ್ನೂ ಕುಗ್ಗುತ್ತಾನೆಂದು ಗದರಿದಳು. "ಇನ್ಮೇಲೆ ನನ್ ಕಣ್ಣೆದುರಿಗೇ ಕುಡೀಬೇಕು, ತಿಳೀತಾ?"

ಕಾರು ಹತ್ತುವಾಗ ಸೊಸೆಗೆ ಹೇಳಿದಳು: "ಮಷೀನ್ ತರಾಣ ಕಣೇ. ಆದ್ರೆ ಕೇಳದೆ ಮಾಡದೆ ತರೋದ್ ಬೇಡ. ನಾನೂ ಬತ್ತೀನಿ."

ಆ ಭಾನುವಾರ ತೀರ್ಥಮ್ಮನ ತಂಗಿಯ ಮಗಳು ಅಶ್ವಿನಿ ದೊಡ್ಡಪ್ಪನನ್ನು ನೋಡಲು ತರೀಕೆರೆಯಿಂದ ಬಂದಳು. ಅವಳು ಐಟಿಐ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಹೇಳುವವಳು. ಅಷ್ಟರಲ್ಲಿ ಓಂಕಾರೇಶ್ ಮೊಬೈಲಿನಲ್ಲಿ ಒಂದು ಮಷೀನು ನೋಡಿಟ್ಟಿದ್ದ. ಎದುರಿಗೆ ಗುಂಡನೆಯ ಗಾಜಿನ ಬಾಗಿಲು, ಮಿನುಗುವ ಗುಂಡಿಗಳು.

"ಆಫರ್ ನಾಳೆಗೆ ಮುಗೀತದೆ. ಈಗ್ಲೇ ಬುಕ್ ಮಾಡ್ಬಿಡ್ತೀನಿ" ಎಂದ.

"ಮುಗೀಲಿ ಬಿಡಣ್ಣ, ಇನ್ನೊಂದ್ ಆಫರ್ ಬರುತ್ತೆ. ದೊಡ್ಡಮ್ಮ, ನಿಂಗೇನ್ ಭಯ ಇದೆ, ಅದನ್ ಹೇಳು ಮೊದ್ಲು."

ತೀರ್ಥಮ್ಮ ಸೊಸೆಗೆ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದಳು. ಅಶ್ವಿನಿ ನಗಲಿಲ್ಲ.

"ಎಲ್ಲಾ ಸರಿಯಾಗೇ ಕೇಳಿದೀಯ. ಆದ್ರೆ ಇವನ್ನೆಲ್ಲ ಅಂಗಡೀಲಿ ಕೇಳ್ಬೇಕು ದೊಡ್ಡಮ್ಮ, ಮನೇಲಿ ಹೇಳ್ಕೊಂಡು ಕೂತ್ರೆ ಏನೂ ಆಗಲ್ಲ. ಶಾಕ್ ವಿಷಯ ಮಾತ್ರ ಈಗ್ಲೇ ನೋಡ್ಬಿಡಾಣ."

ಬಚ್ಚಲ ಪಕ್ಕದ ಮೂರು ಪಿನ್ನಿನ ಪ್ಲಗ್ ಪಾಯಿಂಟನ್ನು ಅವಳು ಮೇನ್ ಸ್ವಿಚ್ ಆರಿಸಿ, ಬಿಚ್ಚಿ ಪರೀಕ್ಷಿಸಿದಳು. ಮೇಲಿನ ದೊಡ್ಡ ತೂತಿಗೆ ಒಳಗಿನಿಂದ ತಂತಿಯೇ ಬಂದಿರಲಿಲ್ಲ.

"ಅರ್ಥಿಂಗೇ ಇಲ್ಲ, ಸೋರಿದ ಕರೆಂಟ್ ಭೂಮಿಗೆ ಇಳಿಯೋಕೆ ದಾರೀನೇ ಇಲ್ಲ. ಹೀಗಿದ್ದಾಗ ಎಷ್ಟು ದುಬಾರಿ ಮಷೀನ್ ತಂದ್ರೂ ಅಪಾಯವೇ. ಒಳಗೆ ಎಲ್ಲಾದ್ರೂ ಕರೆಂಟ್ ಸೋರಿದ್ರೆ ಮುಟ್ಟಿದವ್ರ ಮೈಯಲ್ಲೇ ಹರಿಯುತ್ತೆ. ದೊಡ್ಡಮ್ಮ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತಿರ್ತಾಳೆ, ಯೋಚ್ನೆ ಮಾಡಣ್ಣ."

ಓಂಕಾರೇಶ್ ಮೊಬೈಲು ಜೇಬಿಗೆ ಹಾಕಿದ. ಮೊದಲು ಲೈಸೆನ್ಸ್ ಇರುವ ವೈರ್‌ಮನ್ ಬಂದು ಗುಂಡಿ ತೋಡಿ ಅರ್ಥಿಂಗ್ ಮಾಡಿದ. ಕರೆಂಟು ಸೋರಿದ ಕೂಡಲೇ ತಾನೇ ಕಡಿದು ಹಾಕುವ ಒಂದು ಸ್ವಿಚ್ಚನ್ನೂ ಮೀಟರ್ ಬೋರ್ಡಿಗೆ ಕೂರಿಸಿದ. ಆಮೇಲೆಯೇ, ಅಶ್ವಿನಿ ಮತ್ತೆ ಬಂದ ದಿನ, ನಾಲ್ವರೂ ಅಂಗಡಿಗೆ ಹೊರಟರು. ಆ ಹೊತ್ತು ಶಿವಮೂರ್ತಪ್ಪನ ಹತ್ತಿರ ಪಕ್ಕದ ಮನೆಯ ಮೀನಾಕ್ಷಮ್ಮ ಕೂತಳು.

ಕಡೂರಿನ ಮೊದಲನೆಯ ಅಂಗಡಿಯಲ್ಲಿ ಓಂಕಾರೇಶ್ ಮೆಚ್ಚಿದ ಮಷೀನೇ ಎದುರಿಗಿತ್ತು. ತೀರ್ಥಮ್ಮ ಅದರ ಬಾಗಿಲು ತೆಗೆದು, ಬಗ್ಗಿ, ಒಳಗೆ ಕೈಯಾಡಿಸಿ, ಸೊಂಟ ಹಿಡಿದುಕೊಂಡು ಎದ್ದಳು.

"ದಿನಾ ಇಷ್ಟ್ ಬಗ್ಗೋಕೆ ನನ್ ಕೈಲಾಗಲ್ಲಪ್ಪ. ನಮ್ದು ಗಡಸು ನೀರು, ಇದು ತಡೀತದಾ?"

"ಎಲ್ಲಾ ನೀರಿಗೂ ಆಗುತ್ತಜ್ಜಿ. ಹತ್ ವರ್ಷ ಗ್ಯಾರಂಟಿ ಇದೆ" ಎಂದ ಅಂಗಡಿಯವನು.

"ಹತ್ ವರ್ಷ ಯಾವುದಕ್ಕೆ?" ಅಶ್ವಿನಿ ಕೇಳಿದಳು.

"ಮೋಟ್ರಿಗೆ ಮೇಡಂ."

"ಪೂರ್ತಿ ಮಷೀನಿಗೆ?"

ಅವನು ಕಾರ್ಡು ತಿರುಗಿಸಿ ನೋಡಿ, "ಎರಡು ವರ್ಷ" ಎಂದ.

"ಕೆಟ್ರೆ ಪಂಚನಹಳ್ಳಿಗೆ ಯಾರ್ ಬತ್ತಾರೆ?" ತೀರ್ಥಮ್ಮ ಬಿಡಲಿಲ್ಲ.

"ಬರ್ತಾರಜ್ಜಿ. ಎಲ್ಲಾ ಕಡೆ ಬರ್ತಾರೆ."

ಅಶ್ವಿನಿ ಅಲ್ಲೇ ನಿಂತು ಕಂಪನಿಯ ಗ್ರಾಹಕ ಸೇವೆಯ ನಂಬರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಊರಿನ ಪಿನ್‌ಕೋಡು ಹೇಳಿದಳು. ಆ ಕಡೆಯ ಹುಡುಗಿ ಸ್ವಲ್ಪ ಹುಡುಕಿ, ಆ ಭಾಗಕ್ಕೆ ಹತ್ತಿರದಲ್ಲಿ ಸರ್ವಿಸ್‌ನವರಿಲ್ಲ, ದೂರು ಕೊಟ್ಟರೆ ಶಿವಮೊಗ್ಗದಿಂದ ಬರಬೇಕು, ಯಾವಾಗ ಎಂದು ಹೇಳಲಾಗದು ಎಂದಳು. ಅಂಗಡಿಯವನು ಫ್ಯಾನ್ ಕಡೆ ನೋಡಿದ.

"ಗಾಜಿನ ಬಾಗಿಲಿಂದು ಕೆಟ್ಟ ಮಷೀನಲ್ಲಣ್ಣ" ಎಂದು ಅಶ್ವಿನಿ ಹೊರಗೆ ಬಂದು ವಿವರಿಸಿದಳು. "ನೀರು ಕಮ್ಮಿ ಕುಡಿಯುತ್ತೆ, ಚೆನ್ನಾಗಿ ಒಗಿಯುತ್ತೆ. ಆದ್ರೆ ಅದ್ರಲ್ಲಿ ನೀರು ಕಾಯಿಸೋ ಕಾಯಿಲ್ ಇರುತ್ತೆ. ನಿಮ್ ಹಂಡೆ ಥರಾನೇ ಅದ್ರ ಮೇಲೂ ಪೊರೆ ಕಟ್ಟುತ್ತೆ. ನಿಮ್ ಟ್ಯಾಂಕಿನ ನೀರು ಬರೋದೂ ಮೆಲ್ಲಗೆ. ನಿಮ್ ಮನೆಗೆ ಯಾವ್ದು ಹೊಂದುತ್ತೆ, ಅದನ್ ನೋಡಾಣ."

ಇನ್ನೊಂದು ಅಂಗಡಿಯಲ್ಲಿ ಮೇಲಿನಿಂದ ಬಟ್ಟೆ ಹಾಕುವ ಮಷೀನು ಸಿಕ್ಕಿತು. ನಿಂತುಕೊಂಡೇ ಬಟ್ಟೆ ಹಾಕಿ ತೆಗೆಯಬಹುದು. ನೀರು ಕಾಯಿಸುವ ಕಾಯಿಲ್ ಇದರಲ್ಲಿ ಇಲ್ಲ. ನಲ್ಲಿ ಸಣ್ಣಗೆ ಬಂದರೂ ನೀರು ತುಂಬಿಕೊಳ್ಳುತ್ತದೆ. ಕರೆಂಟು ಹೋಗಿ ಬಂದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅಂಗಡಿಯವರು ಸ್ವಿಚ್ ಆರಿಸಿ ಹಾಕಿ ತೋರಿಸಿದರು. ದೊಡ್ಡ ದುಪ್ಪಟಿ, ಹೊದಿಕೆ ಹಿಡಿಯುವಷ್ಟು ಒಳಜಾಗವಿತ್ತು. ಗುಣಮಟ್ಟದ ಮುದ್ರೆ, ಕರೆಂಟು ಎಷ್ಟು ಎಳೆಯುತ್ತದೆಂದು ಹೇಳುವ ನಕ್ಷತ್ರದ ಚೀಟಿ, ಎರಡನ್ನೂ ಅಶ್ವಿನಿ ತೀರ್ಥಮ್ಮನಿಗೆ ಬೆರಳಿಟ್ಟು ತೋರಿಸಿದಳು. ಮತ್ತೆ ಫೋನು. ಈ ಕಂಪನಿಯ ಸರ್ವಿಸ್‌ನವರು ಕಡೂರಿನಲ್ಲೇ ಇದ್ದರು.

"ಗಡಸು ನೀರಿಗೆ?" ಎಂದಳು ತೀರ್ಥಮ್ಮ. ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಈ ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ. "ಗಡಸು ನೀರು ಯಾವ ಮಷೀನಿಗೂ ಒಳ್ಳೇದಲ್ಲಮ್ಮ. ನಲ್ಲಿಗೆ ಗಡಸು ನೀರಿಗೇ ಅಂತ ಬರೋ ಒಂದು ಫಿಲ್ಟರ್ ಹಾಕಿಸ್ಕೊಳ್ಳಿ. ಪೊರೆ ಬಿಡಿಸೋ ಪುಡಿ ಸಿಗುತ್ತೆ, ತಿಂಗಳಿಗೊಂದ್ಸಲ ಅದನ್ನ ಹಾಕಿ ಖಾಲಿ ಮಷೀನ್ ಓಡ್ಸಿ. ಮಾಡದೇ ಇದ್ರೆ ಬೇಗ ಹಾಳಾಗುತ್ತೆ."

ತೀರ್ಥಮ್ಮ ಮಗನ ಕಡೆ ತಿರುಗಿದಳು. "ಇದೇ ಇರ್ಲಿ. ಇವ್ರು ಇದ್ದದ್ ಇದ್ದಂಗೆ ಹೇಳ್ತಾರೆ."

ಕಂಪನಿಯವನೇ ಬಂದು ಮಷೀನು ಕೂರಿಸಿ, ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು ಇದೆಯೇ ನೋಡಿ ಹೋದ. ರೋಗಿಯ ಬಟ್ಟೆಯನ್ನು ಬೇರೆಯಾಗಿಯೇ ಹಾಕಬೇಕು, ಹಾಕುವ ಮುಂಚೆ ಹೊಲಸನ್ನು ಕೈಗವಸು ತೊಟ್ಟು ಜಾಲಿಸಿ ತೆಗೆಯಬೇಕು, ಒಗೆದ ಮೇಲೆ ಬಿಸಿಲಿಗೆ ಹಾಕಬೇಕು ಎಂದು ಅಶ್ವಿನಿ ಹೇಳಿಕೊಟ್ಟಳು. ಮೊದಲ ದಿನ ತೀರ್ಥಮ್ಮ ಮುಚ್ಚಳದ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಳು. ಮುಗಿದ ಮೇಲೆ ದುಪ್ಪಟಿ ತೆಗೆದು ಮೂಸಿ, ಬೆಳಕಿಗೆ ಹಿಡಿದು ನೋಡಿದಳು. ಒಂದು ಮೂಲೆಯಲ್ಲಿ ಹಳೆಯ ಕಲೆ ಮಸುಕಾಗಿ ಉಳಿದಿತ್ತು.

"ನಾನಾಗಿದ್ರೆ ಇದ್ನೂ ತೆಗೀತಿದ್ದೆ" ಎಂದಳು. ದೀಪಶ್ರೀ ನಕ್ಕಳು.

ಶಿವಮೂರ್ತಪ್ಪನ ಜ್ವರ ಬಿಟ್ಟಿತು. ಸೋಂಕು ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿದರು. ಒಗೆಯುವ ಹೊತ್ತು ಉಳಿದದ್ದರಿಂದ ತೀರ್ಥಮ್ಮ ದಿನವೂ ಗಂಡನ ಬಲಗೈ ಹಿಡಿದು, ಡಾಕ್ಟರು ಹೇಳಿದ ವ್ಯಾಯಾಮ ಮಾಡಿಸತೊಡಗಿದಳು. ಮಾಗಿಯ ಚಳಿ ಕಳೆಯುವ ಹೊತ್ತಿಗೆ ಅವನು ಬಲಗೈಯ ಬೆರಳುಗಳನ್ನು ಮಡಚಿ ಬಿಚ್ಚುತ್ತಿದ್ದ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ವಾಷಿಂಗ್ ಮಷೀನು ತರುವ ಯೋಚನೆ ಇದ್ದರೆ ಹೊಳಪಿಗೆ, ಆಫರಿಗೆ ಮರುಳಾಗಬೇಡಿ. ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ನಿಮ್ಮ ನೀರು ಎಂಥದ್ದು, ನಲ್ಲಿ ಹೇಗೆ ಬರುತ್ತದೆ, ಕರೆಂಟು ಎಷ್ಟು ಸಲ ಹೋಗುತ್ತದೆ ಎಂಬುದನ್ನು ಅಂಗಡಿಯಲ್ಲಿ ಹೇಳಿ, ಅದಕ್ಕೆ ಹೊಂದುವುದನ್ನೇ ಕೇಳಿ. ಗ್ಯಾರಂಟಿ ಮೋಟಾರಿಗೋ ಪೂರ್ತಿ ಮಷೀನಿಗೋ ಓದಿ ನೋಡಿ. ದುಡ್ಡು ಕೊಡುವ ಮುಂಚೆ, ಅಂಗಡಿಯಲ್ಲಿ ನಿಂತೇ, ಕಂಪನಿಗೊಂದು ಫೋನು ಮಾಡಿ: ನಮ್ಮೂರಿಗೆ ರಿಪೇರಿಗೆ ಯಾರು ಬರುತ್ತಾರೆ? ಸಂಕೋಚ ಬೇಡ. ದಿನವೂ ಅದರ ಮುಂದೆ ನಿಲ್ಲುವವರು ನೀವು. ಕೇಳುವ ಹಕ್ಕೂ ನಿಮ್ಮದೇ. ಅಂಗಡಿಗೆ ಹೋಗುವಾಗ ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರನ್ನು ತಪ್ಪದೆ ಜೊತೆಗೆ ಕರೆದುಕೊಂಡು ಹೋಗಿ.