ತೊಳೆಯದ ಜಾಲರಿ

ಕಡುಬುವಿಗೆ ಮೂಗೇ ಇರಲಿಲ್ಲ ಎಂದರೂ ನಡೆಯುತ್ತಿತ್ತು. ಪಗ್ ಜಾತಿಯ ನಾಯಿ. ಮುಖದ ನಡುವೆ ಯಾರೋ ಹೆಬ್ಬೆಟ್ಟಿನಿಂದ ಒತ್ತಿಬಿಟ್ಟಂತೆ ಎರಡು ತೂತು, ಅಷ್ಟೇ. ಹಬೆಯಲ್ಲಿ ಬೆಂದವನ ಹಾಗೆ ದುಂಡಗಿದ್ದಾನೆ ಎಂದು ಜಗದಾಂಬಾ ಅಜ್ಜಿಯೇ ಆ ಹೆಸರಿಟ್ಟಿದ್ದು. ವಿಜಯನಗರದ ಆ ಎರಡನೇ ಮಹಡಿಯ ಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದದ್ದು ಮೂರೇ ಜೀವ: ಅಜ್ಜಿ, ಮೊಮ್ಮಗಳು ವಚನಾ, ಕಡುಬು.

"ಇಂಥ ನಾಯಿ ಸೆಕೆ ತಡ್ಕೊಳಲ್ಲಮ್ಮ" ಎಂದು ಡಾಕ್ಟರು ಹೇಳಿದ ವರ್ಷವೇ ಹಿಂದಿನ ಕೋಣೆಗೆ ಹಳೇ ಏಸಿಯೊಂದು ಬಂತು. ಮೆಟ್ಟಿಲ ಮೇಲೆ ಅದನ್ನು ಹೊತ್ತು ತರುತ್ತಿದ್ದಾಗ ಕೆಳಗಿನ ಮನೆಯ ಶೋಭಾರಾಣಿ, "ನಮಗೆ ಫ್ಯಾನೇ ಗತಿ, ಇವರ ನಾಯಿಗೆ ಏಸಿ!" ಎಂದಿದ್ದರು. ಅಜ್ಜಿ ಬಿಡುವವಳೇ? "ಮುಂದಿನ ಜನ್ಮದಲ್ಲಿ ನೀನೂ ಮೂಗಿಲ್ದೆ ಹುಟ್ಟು ಕಣೇ ಶೋಭಾ, ನಿಂಗೂ ಹಾಕಿಸ್ತೀನಿ."

ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆಯನ್ನು ಅಜ್ಜಿಯ ಮಡಿಲಲ್ಲಿ ಮಲಗಿ ಕೇಳಿದವಳು ವಚನಾ. ಕಡುಬುವಿನ ಪ್ರಾಣ ಗೋಡೆಯ ಮೇಲಿನ ಆ ಬಿಳಿ ಪೆಟ್ಟಿಗೆಯಲ್ಲಿದೆ ಎಂದು ಬೇಸಿಗೆ ಬಂದಾಗಲೆಲ್ಲ ಅವಳಿಗೆ ಅನಿಸುತ್ತಿತ್ತು. ಹೊಸಹಳ್ಳಿಯಿಂದ ಬರುವ ಮೆಕ್ಯಾನಿಕ್ ರಾಜೇಂದ್ರ ಮೊದಲ ದಿನವೇ ಹೇಳಿದ್ದ: "ನಾಯಿ ಇರೋ ಮನೆ ಮೇಡಂ, ಈ ಜಾಲರಿ ಹದಿನೈದು ದಿನಕ್ಕೊಮ್ಮೆ ತೊಳೀಲೇಬೇಕು. ಕೂದಲು ಕಟ್ಕೊಂಡ್ರೆ ಗಾಳಿ ಆಡಲ್ಲ, ಒಳಗೆ ಐಸ್ ಕಟ್ಟುತ್ತೆ, ಮಷೀನ್ ನಿಂತೇಹೋಗುತ್ತೆ." ವಚನಾ ಹದಿನೈದು ದಿನ ಕಾದವಳಲ್ಲ. ಪ್ರತಿ ಭಾನುವಾರ ಬೆಳಿಗ್ಗೆ, ಅಜ್ಜಿ ಭಜನೆಗೆ ಹೋದ ಹೊತ್ತಿನಲ್ಲಿ, ಜಾಲರಿ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತಾರಸಿಯ ನೆರಳಲ್ಲಿ ಒಣಗಿಸಿ, ಅಜ್ಜಿ ಬರುವಷ್ಟರಲ್ಲಿ ಸಿಕ್ಕಿಸಿಬಿಡುತ್ತಿದ್ದಳು. ಒಂದು ವಾರವೂ ತಪ್ಪಿಸಿರಲಿಲ್ಲ.

ಆದರೂ ಏಪ್ರಿಲ್ ತಿಂಗಳ ಒಂದು ಗುರುವಾರ ಕಡುಬು ಸತ್ತುಹೋಯಿತು.

ಬೇಸಿಗೆಯಲ್ಲಿ ಆ ಮನೆಗೆ ಬೀಗ ಬೀಳುತ್ತಿದ್ದುದೇ ಅಪರೂಪ. ಅವತ್ತು ವಚನಾ ಆಫೀಸಿನಲ್ಲಿದ್ದಳು. ನಾಗರಬಾವಿಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣ, ಅಜ್ಜಿ ಹೋಗದೆ ಇರುವಂತಿರಲಿಲ್ಲ. "ಏಸಿ ಹಾಕಿ, ಕಡುಬೂನ ಕೋಣೇಲಿ ಬಿಟ್ಟು ಬಾಗಿಲು ಮುಂದೆ ಮಾಡಿ ಹೊರಟಿದೀನಿ ಕಣೇ, ಒಂದು ಗಂಟೆ ಹೊತ್ತಷ್ಟೇ" ಎಂದು ಫೋನು ಮಾಡಿದ್ದಳು. ಊಟ ತಡವಾಗಿ ಹಿಂದಿರುಗುವಾಗ ಮಧ್ಯಾಹ್ನ ಮೂರು ಗಂಟೆಯಾಯಿತು. ಬಂದು ಕೋಣೆಯ ಬಾಗಿಲು ತೆಗೆದರೆ ಒಲೆಯ ಬಾಯಿ ತೆರೆದ ಹಾಗೆ ಸೆಕೆ ಮುಖಕ್ಕೆ ಹೊಡೆಯಿತಂತೆ. ಏಸಿ ನಿಂತಿತ್ತು. ಕಡುಬು ಬಾಗಿಲ ಸಂದಿಗೆ ಮುಖ ಒತ್ತಿಕೊಂಡು ಮಲಗಿತ್ತು.

ಅಜ್ಜಿ ಅದರ ಹಣೆಗೆ ವಿಭೂತಿ ಹಚ್ಚಿ, ಕೆಂಗೇರಿಯ ಕಡೆ ನೆಂಟರೊಬ್ಬರ ಖಾಲಿ ಸೈಟಿನಲ್ಲಿ ಮಣ್ಣು ಮಾಡಿಸಿ ಬಂದವಳು ತಟ್ಟೆ ಮುಟ್ಟಲಿಲ್ಲ. ದಿನಕ್ಕೊಂದು ಲೋಟ ಮಜ್ಜಿಗೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟಳು.

"ಹೀಗೆ ಮಾಡಿದ್ರೆ ನೀನೂ ಬಿದ್ದುಹೋಗ್ತೀಯ ಅಜ್ಜಿ" ಎಂದು ವಚನಾ ಅತ್ತಳು.

"ಆ ಮಷೀನ್ ಯಾಕೆ ನಿಂತಿತು ಅಂತ ನಂಗೆ ಗೊತ್ತಾಗ್ಬೇಕು. ಅದರ ತಪ್ಪಾದ್ರೆ ಅದರ ತಪ್ಪು. ನನ್ನ ತಪ್ಪಾಗಿದ್ರೆ, ಆ ಮೂಕಪ್ರಾಣೀನ ಬೇಯಿಸಿದ ಕೈಯಲ್ಲಿ ನಾನು ಅನ್ನ ಕಲಸಲ್ಲ ಕಣೇ."

ಸುಮ್ಮನೆ ಆಡಿದ ಮಾತಲ್ಲ ಅದು. ತಾತ ತೀರಿಹೋದ ದಿನ ಬಿಟ್ಟ ಕಾಫಿಯನ್ನು ಅಜ್ಜಿ ಇಪ್ಪತ್ತೆರಡು ವರ್ಷವಾದರೂ ಮೂಸಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ರಾಜೇಂದ್ರ ಬಂದ. ಏಣಿ ಹಾಕಿ ಮುಚ್ಚಳ ತೆಗೆದು, ಜಾಲರಿಯನ್ನು ಬೆಳಕಿಗೆ ಹಿಡಿದ. "ಕನ್ನಡಿ ಇದ್ದಂಗಿದೆ ಮೇಡಂ. ನಾನು ಹೋಗೋ ಯಾವ ಮನೇಲೂ ಹಿಂಗೆ ಇಟ್ಕೊಳಲ್ಲ." ಹೊರಗಿನ ಯಂತ್ರ ನೋಡಿದ, ಗ್ಯಾಸ್ ನೋಡಿದ. ಕೊನೆಗೆ ರಿಮೋಟ್ ಒತ್ತಿದ. ಏಸಿ ಏನೂ ಆಗದವರ ಹಾಗೆ ಓಡತೊಡಗಿತು.

"ಏನೂ ಕೆಟ್ಟಿಲ್ಲ ಮೇಡಂ. ಅವತ್ತು ಕರೆಂಟ್ ಹೋಗಿತ್ತಾ? ಇದು ಹಳೇ ಮಾಡೆಲ್ಲು, ಕರೆಂಟ್ ಹೋಗಿ ಬಂದ್ರೆ ತಾನಾಗಿ ಆನ್ ಆಗಲ್ಲ."

ತಾರಸಿಗೆ ಹಪ್ಪಳ ಒಣಹಾಕಲು ಹೊರಟಿದ್ದ ಶೋಭಾರಾಣಿ ಬಾಗಿಲಲ್ಲೇ ನಿಂತರು. "ಗುರುವಾರಾನಾ? ಎಲ್ಲಿ ಹೋಗಿತ್ತು ಕರೆಂಟು? ಮಧ್ಯಾಹ್ನ ಪೂರ್ತಿ ಸೀರಿಯಲ್ ನೋಡ್ಕೊಂಡು ಹಿಟ್ಟು ಕುಟ್ಟಿದೀನಿ" ಎಂದು ಮೆಟ್ಟಿಲು ಹತ್ತಿ ಹೋದರು.

ರಾಜೇಂದ್ರ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸುತ್ತ, "ಹಂಗಾದ್ರೆ ಮನೆಯೋರೇ ಯಾರೋ ಮೇನ್ ಆಫ್ ಮಾಡಿರ್ಬೇಕು" ಎಂದ.

ವಚನಾ ಬಾಗಿಲ ಹಿಂದಿನ ಮೇನ್ ಸ್ವಿಚ್ಚಿನ ಪೆಟ್ಟಿಗೆಯನ್ನು ನೋಡಿದಳು. ಹಿಂದೊಮ್ಮೆ ಎದುರು ಮನೆಯವರು ಇಸ್ತ್ರಿಪೆಟ್ಟಿಗೆ ಆರಿಸದೆ ಊರಿಗೆ ಹೋಗಿ ಮನೆಯೇ ಹೊತ್ತಿ ಉರಿದಾಗಿನಿಂದ ಅಜ್ಜಿಗೆ ಒಂದು ರೂಢಿ. ಬೀಗ ಹಾಕುವ ಮೊದಲು ಗ್ಯಾಸ್ ಬಂದ್, ಆಮೇಲೆ ಮೇನ್ ಕೆಳಕ್ಕೆ. ಬೀಗ ತೆಗೆದು ಒಳಗೆ ಬಂದ ಕೂಡಲೆ ಮೇನ್ ಮೇಲಕ್ಕೆ. ನಲವತ್ತು ವರ್ಷದಿಂದ ಅದನ್ನು ಮಾಡುವುದು ಅಜ್ಜಿಯಲ್ಲ, ಅಜ್ಜಿಯ ಕೈ. ಇಳಿಸಿದ್ದೂ ನೆನಪಿರುವುದಿಲ್ಲ, ಏರಿಸಿದ್ದೂ ನೆನಪಿರುವುದಿಲ್ಲ.

ವಚನಾಳ ಮುಖ ನೋಡಿ ರಾಜೇಂದ್ರನಿಗೂ ಅರ್ಥವಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಅಜ್ಜಿ ಬಂದಳು. ಹೊಸ್ತಿಲಲ್ಲಿ ತಣ್ಣನೆ ಗಾಳಿ ತಾಗಿ ನಿಂತಳು.

"ಇದು ನೆಟ್ಟಗೆ ಓಡ್ತಿದೆಯಲ್ಲಪ್ಪ! ಮತ್ತೆ ಅವತ್ತು ಯಾಕೆ ನಿಂತಿತು?"

ರಾಜೇಂದ್ರ ಬಾಯಿ ತೆರೆದ. ವಚನಾ ಅವನಿಗಿಂತ ಮೊದಲು ಮಾತಾಡಿದಳು.

"ಜಾಲರಿ ಅಜ್ಜಿ. ಕೂದಲು ಕಟ್ಕೊಂಡು ಒಳಗೆಲ್ಲ ಐಸ್ ಆಗಿ ನಿಂತುಬಿಟ್ಟಿದೆ. ಈಗ ಇವರು ಅದನ್ನ ಬಿಚ್ಚಿ ತೆಗೆದಿದಾರೆ, ಅದಕ್ಕೇ ಓಡ್ತಿದೆ."

"ಪ್ರತಿ ಭಾನುವಾರ ನೀನು ತೊಳೀತಿದ್ದೆಯಲ್ಲೇ?"

"ಇಲ್ಲ. ಒಂದೂವರೆ ತಿಂಗಳಾಗಿತ್ತು. ನೀನು ಭಜನೆಗೆ ಹೋದ್ಮೇಲೆ ಮಲ್ಕೊಂಡುಬಿಡ್ತಿದ್ದೆ. ಕೇಳಿದ್ರೆ ಆಯ್ತು ಅಂತಿದ್ದೆ."

ಅಜ್ಜಿ ರಾಜೇಂದ್ರನ ಕಡೆ ತಿರುಗಿದಳು. ಅವನು ಕೈಯಲ್ಲಿದ್ದ ಜಾಲರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. "ಕೂದಲು ಕಟ್ಕೊಂಡ್ರೆ ಹಂಗಾಗುತ್ತಮ್ಮ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಜ್ಜಿ ಮತ್ತೇನಾದರೂ ಕೇಳುವ ಮೊದಲೇ ಏಣಿ ಮಡಿಚಿಕೊಂಡು ಹೊರಟುಹೋದ.

ಅಜ್ಜಿ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ನಿನ್ನ ಮಗು ಥರ ಸಾಕಿದ್ದೆಯಲ್ಲೇ. ಅರ್ಧ ಗಂಟೆ ನಿದ್ದೆ ಹೆಚ್ಚಾಯ್ತಾ ನಿಂಗೆ?" ಎಂದಳು, ಅಷ್ಟೇ. ಆ ದನಿಯನ್ನು ವಚನಾ ಅದುವರೆಗೆ ಕೇಳಿರಲಿಲ್ಲ. ವಿಳಾಸ ಕೇಳಿ ಬಂದ ಅಪರಿಚಿತರ ಹತ್ತಿರ ಮಾತಾಡುವ ದನಿ.

ಮಧ್ಯಾಹ್ನ ಅಜ್ಜಿ ತಂಗಿಗೆ ಫೋನು ಮಾಡಿದಳು. "ಮಷೀನ್ದೂ ತಪ್ಪಲ್ಲ, ನಂದೂ ಅಲ್ಲ ಕಣೇ. ಇವಳೇ ತೊಳೀದೆ ಬಿಟ್ಟಿದ್ದು. ಬಾಯಿ ಬಿಟ್ಟು ಅವಳೇ ಒಪ್ಕೊಂಡ್ಳು." ಆಮೇಲೆ ಕಿಟಕಿಯಿಂದ ಶೋಭಾರಾಣಿಗೂ ಹೇಳಿದಳು. ಹೇಳಿದಷ್ಟೂ ದನಿಯಲ್ಲಿ ಕಸುವು ಬರುತ್ತಿತ್ತು. ಕೆಳಗಿನಿಂದ ಶೋಭಾರಾಣಿ, "ಈ ಕಾಲದ ಹುಡುಗೀರು" ಎಂದದ್ದು ಒಳಗಿದ್ದ ವಚನಾಳಿಗೆ ಚೆನ್ನಾಗಿ ಕೇಳಿಸಿತು.

ಎರಡು ಗಂಟೆಗೆ ಅಜ್ಜಿ ತಾನೇ ತಟ್ಟೆ ತೆಗೆದುಕೊಂಡಳು. ಒಂದೇ ತಟ್ಟೆ. ಮಾತ್ರೆ ನುಂಗಿ, ಅನ್ನಕ್ಕೆ ಸಾರು ಹಾಕಿಕೊಂಡು ಕಲಸಿದಳು. ಮೊದಲ ತುತ್ತು ಗಂಟಲಲ್ಲಿ ನಿಂತಿತು. ವಚನಾ ನೀರಿನ ಲೋಟ ಮುಂದೆ ಹಿಡಿದಳು. ಅಜ್ಜಿ ಅದನ್ನು ತೆಗೆದುಕೊಳ್ಳಲಿಲ್ಲ, ಎದ್ದು ಹೋಗಿ ಬೇರೆ ಲೋಟದಲ್ಲಿ ನೀರು ತಂದು ಕುಡಿದು, ಮತ್ತೆ ಕೂತು ಎರಡನೇ ತುತ್ತು ಕಲಸಿದಳು.

ವಚನಾ ಬಾಗಿಲಿಗೆ ಒರಗಿ, ಅಜ್ಜಿ ಊಟ ಮುಗಿಸುವವರೆಗೂ ನೋಡುತ್ತ ನಿಂತಳು.