ಇಪ್ಪತ್ತಾರು ಎಂದು ಬರೆದ ಚೀಟಿ

ಉದ್ದದ ತಂತಿಗಳೆಲ್ಲ ಮುಗಿದು ಅಡ್ಡದ ಏಳನೆಯದನ್ನು ನೇಯುತ್ತಿದ್ದೆ. ಒಂದರ ಮೇಲೆ, ಒಂದರ ಕೆಳಗೆ, ಬೆರಳ ತುದಿಯಿಂದ ತಳ್ಳುತ್ತ. ಬಾಗಿಲು ದಢಾರನೆ ತೆರೆದುಕೊಂಡಿತು. ನಾನು ತಲೆ ಎತ್ತಲಿಲ್ಲ. ರ್‍ಯಾಕೆಟ್ಟಿಗೆ ತಂತಿ ಕಟ್ಟುವಾಗ ನಡುವೆ ಕಣ್ಣು ಕದಲಿದರೆ ಎಲ್ಲೋ ಒಂದು ಕಡೆ ತಪ್ಪಿ, ಎರಡು ಸಾಲು ಬಿಚ್ಚಬೇಕಾಗುತ್ತದೆ. ಅಲ್ಲದೆ ಈ ಕ್ಲಬ್ಬಿನಲ್ಲಿ ನನ್ನ ಕೋಣೆಯ ಬಾಗಿಲನ್ನು ಹಾಗೆ ತೆರೆಯುವವಳು ಒಬ್ಬಳೇ, ನನ್ನ ತಂಗಿ.

ಬ್ಯಾಗು ನೆಲಕ್ಕೆ ಬಿತ್ತು. ಸ್ಟೂಲು ಕಿರ್ರೆಂದಿತು.

"ಅಕ್ಕಾ, ನಾನು ಬಿಟ್ಬಿಟ್ಟೆ."

"ಏನನ್ನ?"

"ಟೆನಿಸ್ಸನ್ನ."

"ಹೋದ ವಾರ ನೀನು ಸಕ್ಕರೆ ಬಿಟ್ಟಿದ್ದೆ. ಮೂರನೇ ದಿನಕ್ಕೆ ನನ್ನ ಬಿಸ್ಕತ್ತಿನ ಡಬ್ಬಿಗೇ ಕೈ ಹಾಕಿದ್ದೆ."

"ತಮಾಷೆ ಮಾಡ್ಬೇಡ. ಸಂಜೆ ಆರು ಗಂಟೆಯೊಳಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ."

ಆಗ ತಲೆ ಎತ್ತಿದೆ. ಬಲಗಾಲನ್ನು ಮುಂದಕ್ಕೆ ಚಾಚಿ ಕೂತಿದ್ದಳು. ಮಂಡಿಯ ಮೇಲಿನ ಗಾಯದ ಗುರುತು ಬೆವರಿನಿಂದ ಹೊಳೆಯುತ್ತಿತ್ತು. ತಂಗಿಗೆ ಮೂವತ್ತೇಳು. ಎರಡು ಸಲ ದೇಶದ ಚಾಂಪಿಯನ್ ಆದವಳು. ಪತ್ರಿಕೆಯವರು ಅವಳಿಗೆ ಇಟ್ಟ ಹೆಸರು ಚಿಗರೆ. ಹತ್ತು ತಿಂಗಳ ಹಿಂದೆ ಆ ಮಂಡಿಗೆ ಶಸ್ತ್ರಚಿಕಿತ್ಸೆ ಆದಾಗ ಅದೇ ಪತ್ರಿಕೆಗಳು 'ಓಟ ನಿಲ್ಲಿಸಿದ ಚಿಗರೆ' ಎಂದು ಬರೆದವು. ಅವಳು ಅದನ್ನು ಕತ್ತರಿಸಿ ಸ್ನಾನದ ಮನೆಯ ಕನ್ನಡಿಗೆ ಅಂಟಿಸಿಕೊಂಡಳು, ದಿನಾ ಬೈಯುವುದಕ್ಕೆ ಅನುಕೂಲವಾಗಲಿ ಅಂತ. ಬರುವ ಸೋಮವಾರ ಶುರುವಾಗುವ ಟೂರ್ನಿಯಲ್ಲಿ ಅವಳಿಗೊಂದು ಜಾಗ ಕಾದಿರಿಸಿದ್ದರು. ಬರುತ್ತಾಳೋ ಇಲ್ಲವೋ ಎಂದು ಇವತ್ತು ಹೇಳಬೇಕಿತ್ತು.

"ಮಂಡಿ ನೋಯ್ತಾ?"

"ಮಂಡಿ ಸುಮ್ನೆ ಬಿದ್ಕೊಂಡಿದೆ. ಕೆಟ್ಟಿರೋದು ಕಣ್ಣು. ನಾಲ್ಕು ದಿನದಿಂದ ಹೊಡೆದದ್ದೆಲ್ಲ ಹೊರಗೆ. ಕೋಚ್ ಬಾಯಲ್ಲಿ 'ಔಟ್' ಕೇಳಿ ಕೇಳಿ ಅದೇ ನನ್ನ ಹೆಸರು ಅನ್ನೋ ಹಾಗಾಗಿದೆ."

"ಎಷ್ಟು ಹೊರಗೆ?"

"ಒಂದು ಗೇಣು. ಒಂದೂವರೆ ಗೇಣು."

"ಪಕ್ಕಕ್ಕಾ?"

"ಇಲ್ಲ, ಉದ್ದಕ್ಕೆ. ನೇರವಾಗಿ ಹೋಗಿ ಹಿಂದಿನ ಗೆರೆ ದಾಟಿ ಬೀಳತ್ತೆ."

"ನೆಟ್ಟಿಗೆ?"

"ಒಂದೂ ಇಲ್ಲ. ನೀನ್ಯಾಕೆ ಪೊಲೀಸರ ಥರ ಕೇಳ್ತಿದ್ದೀಯಾ?"

ಹಿಡಿದಿದ್ದ ತಂತಿ ಕೈಯಿಂದ ಜಾರಿತು.

ಆರು ತಿಂಗಳ ಹಿಂದೆ, ಶಸ್ತ್ರಚಿಕಿತ್ಸೆಯ ನಂತರ ಮೊದಲ ಸಲ ಅಂಗಳಕ್ಕೆ ಇಳಿದ ದಿನ, ಅವಳ ಚೆಂಡು ಎದುರಿನ ಅರ್ಧ ಅಂಗಳವನ್ನೂ ತಲುಪುತ್ತಿರಲಿಲ್ಲ. ಕಾಲು ಊರಿ ತಳ್ಳುವ ಧೈರ್ಯವಿರಲಿಲ್ಲ. ಬರೀ ಕೈಯಲ್ಲಿ ಬೀಸುತ್ತಿದ್ದಳು. ಇದೇ ಸ್ಟೂಲಿನ ಮೇಲೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಅತ್ತಿದ್ದು ಗೊತ್ತಾಗಬಾರದು ಅಂತ ನೆಗಡಿಯಾದವಳ ಹಾಗೆ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ನಾನು ರ್‍ಯಾಕೆಟ್ಟಿನ ತಂತಿ ಕತ್ತರಿಸಿ ಹೊಸದಾಗಿ ಕಟ್ಟಿದೆ. ಅವಳ ತಂತಿಯ ಬಿಗಿ ಯಾವಾಗಲೂ ಇಪ್ಪತ್ತಾರು ಕಿಲೋ. ನಾನು ಯಂತ್ರವನ್ನು ಇಪ್ಪತ್ತಮೂರಕ್ಕೆ ಇಟ್ಟೆ. ತಂತಿ ಸಡಿಲವಾದರೆ ಚೆಂಡು ಚಿಮ್ಮುತ್ತದೆ, ಕಡಿಮೆ ಬಲಕ್ಕೆ ಹೆಚ್ಚು ದೂರ ಹೋಗುತ್ತದೆ. ಆಮೇಲೆ ಹಿಡಿಯ ಮೇಲ್ಭಾಗಕ್ಕೆ ಅಂಟಿಸುವ ಪುಟ್ಟ ಚೀಟಿಯಲ್ಲಿ, ಇಪ್ಪತ್ತು ವರ್ಷದಿಂದ ಬರೆದ ಹಾಗೇ, ಇಪ್ಪತ್ತಾರು ಎಂದು ಬರೆದೆ.

ಬೇರೆ ಸಮಯದಲ್ಲಾಗಿದ್ದರೆ ಒಂದೇ ಹೊಡೆತಕ್ಕೆ ಕಂಡುಹಿಡಿಯುತ್ತಿದ್ದಳು. ನಾಲ್ಕು ತಿಂಗಳು ಊರುಗೋಲು ಹಿಡಿದಿದ್ದ ಕೈಗೆ ರ್‍ಯಾಕೆಟ್ಟೇ ಹೊಸದು. ಮಾರನೆಯ ದಿನ ಕುಣಿದುಕೊಂಡು ಬಂದು "ಅಕ್ಕಾ, ಕೈ ವಾಪಸ್ ಬಂತು!" ಅಂದಳು. ಅವಳ ಆ ಮುಖ ನೋಡಿ, ಹೇಳುವುದನ್ನು ನಾಳೆಗೆ ಹಾಕಿದೆ. ನಾಳೆಗಳು ಆರು ತಿಂಗಳಾದವು; ತಂತಿ ಬದಲಿಸಿದಾಗಲೆಲ್ಲ ಇಪ್ಪತ್ತಮೂರಕ್ಕೇ ಕಟ್ಟಿ ಇಪ್ಪತ್ತಾರು ಎಂದೇ ಬರೆದೆ. ಯಾರಿಗೆ ಏನು ತಡೆದುಕೊಳ್ಳಲು ಆಗುತ್ತದೆ ಎಂದು ಅಳೆಯುವ ಕೆಲಸವನ್ನು ನನಗೆ ನಾನೇ ಕೊಟ್ಟುಕೊಂಡುಬಿಟ್ಟಿದ್ದೆ.

"ಎದ್ದೇಳು," ಅಂದೆ. "ನನ್ನ ಮುಂದೆ ಹೊಡಿ."

ಅಂಗಳದ ಪಕ್ಕದ ಬೆಂಚಿನಲ್ಲಿ ಕೂತೆ. ಕೋಚ್ ನಮ್ಮಿಬ್ಬರನ್ನೂ ಚಿಕ್ಕಂದಿನಿಂದ ನೋಡಿದವರು. ಟೋಪಿ ಸರಿಮಾಡಿಕೊಂಡು, ಬಲಕ್ಕೆ ದೂರವಾಗಿ ಚೆಂಡು ಕಳಿಸಿದರು. ತಂಗಿ ಓಡಿದಳು. ಬಲಗಾಲು ಊರಿದಳು. ಪೂರ್ತಿ ಊರಿದಳು, ಆ ಮಂಡಿ ಬಗ್ಗಿ, ಇಡೀ ದೇಹದ ಭಾರ ಹೊತ್ತು, ಸ್ಪ್ರಿಂಗಿನಂತೆ ಮೇಲೆದ್ದಿತು. ಚೆಂಡು ಸುಯ್ಯೆಂದು ಹೋಗಿ ಗೆರೆಯಿಂದ ಒಂದು ಗೇಣು ಆಚೆ ಬಿತ್ತು.

"ಔಟ್," ಅಂದರು ಕೋಚ್.

ಇನ್ನೊಂದು. ಔಟ್. ಮತ್ತೊಂದು. ಔಟ್. ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಭುಜ ಕುಲುಕುತ್ತಿತ್ತು.

ತಂಗಿ ಕೆಂಡವಾದಳು. "ನಗು ಬರ್ತಿದೆಯಾ ನಿನಗೆ? ಒಡಹುಟ್ಟಿದವಳಾ ನೀನು?"

"ಕೋಣೆಗೆ ಬಾ. ಬೈಯೋದಿದ್ರೆ ಅಲ್ಲಿ ಬೈಯಿ, ಇನ್ನೂ ಜಾಸ್ತಿ ಕಾರಣ ಸಿಗತ್ತೆ."

ಕೋಣೆಯಲ್ಲಿ ಅವಳ ಕೈಯಿಂದ ರ್‍ಯಾಕೆಟ್ ತೆಗೆದುಕೊಂಡು ಕತ್ತರಿ ಹಾಕಿದೆ. ತಂತಿಗಳು ಟಣ್ ಟಣ್ ಎಂದು ತುಂಡಾದವು.

"ಚೀಟಿ ಸುಳ್ಳು," ಅಂದೆ. "ಇದು ಇಪ್ಪತ್ತಾರಲ್ಲ, ಇಪ್ಪತ್ತಮೂರು. ನೀನು ವಾಪಸ್ ಬಂದ ಮೊದಲ ದಿನದಿಂದ."

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ಅಂದ್ರೆ ನನ್ನ ಕೈ ವಾಪಸ್ ಬಂದಿದ್ದು…"

"ಬಂದಿರಲಿಲ್ಲ. ನಾನು ಇಳಿಸಿದ್ದೆ."

"ಡಾಕ್ಟರು ಸುಳ್ಳು ಹೇಳ್ತಾರೆ, ಕೋಚ್ ಸುಳ್ಳು ಹೇಳ್ತಾರೆ, ನಿನ್ನ ಅಕ್ಷರ ಒಂದನ್ನೇ ನಂಬಿದ್ದೆ ನಾನು!" ಧ್ವನಿ ಒಡೆಯಿತು. "ಪಾಪ ಅಂತ ಇಳಿಸಿದೆಯಾ? ನನಗೆ?"

ಹೌದೆಂದರೂ ಕಷ್ಟ, ಇಲ್ಲವೆಂದರೂ ಸುಳ್ಳು. "ತಪ್ಪಾಯ್ತು ಕಣೇ," ಅಂದೆ.

ಅವಳು ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ನಾನು ಕಾದೆ. ಬೆನ್ನು ಮೊದಲು ಬಿಗಿಯಾಗಿತ್ತು. ಆಮೇಲೆ ತಲೆ ಸ್ವಲ್ಪ ವಾಲಿತು. ಚಿಕ್ಕವಳಿದ್ದಾಗ ಮಗ್ಗಿ ಹೇಳುವಾಗ ಹೀಗೇ ವಾಲಿಸುತ್ತಿದ್ದಳು.

"ಅಕ್ಕಾ."

"ಹೂಂ."

"ಇಪ್ಪತ್ತಮೂರಿದ್ರೂ ಮೊದಲೆಲ್ಲ ಒಳಗೇ ಬೀಳ್ತಿತ್ತು."

"ಹೂಂ."

"ಈಗ ಹೊರಗೆ ಹೋಗ್ತಿದೆ."

"ನಾಲ್ಕು ದಿನದಿಂದ."

ಅವಳು ತಿರುಗಿದಳು. ಕಣ್ಣಲ್ಲಿ ನೀರಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು. "ಹಾಗಾದ್ರೆ ಕಣ್ಣು ಕೆಟ್ಟಿಲ್ಲ! ಕಾಲು! ಕಾಲು ತಳ್ತಾ ಇದೆ!"

"ಕತ್ತೆ ಒದ್ದ ಹಾಗೆ ತಳ್ತಾ ಇದೆ. ನಾನೇ ನೋಡಿದೆ."

"ಕತ್ತೆ ನೀನು! ಮೂರು ಕಿಲೋ ಕಳ್ಳಿ!" ಎಂದು ಓಡಿಬಂದು ತಬ್ಬಿಕೊಂಡು, ಬೆನ್ನಿಗೆ ಎರಡು ಗುದ್ದಿದಳು. ಎರಡೂ ಗಟ್ಟಿಯಾದ ಗುದ್ದುಗಳೇ.

ಹೊಸ ತಂತಿ ಕಟ್ಟುವುದಕ್ಕೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತೂ ಯಂತ್ರದ ಪಕ್ಕದಲ್ಲೇ ನಿಂತು ಅಂಕಿ ಕಾಯ್ದಳು. "ಇಪ್ಪತ್ತಾರು ತಾನೆ? ಓದು. ಜೋರಾಗಿ ಓದು." ಪ್ರತಿ ಸಾಲಿಗೂ ನಾನು ಶಾಲೆಯ ಮಗುವಿನ ಹಾಗೆ ಓದಿ ಹೇಳಿದೆ. ನಡುವೆ ನನ್ನ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿದಳು. ಅದು ದಂಡವಂತೆ.

ಅಂಗಳದಲ್ಲಿ ಮೊದಲ ಚೆಂಡು ನೆಟ್ಟಿಗೆ ಬಡಿಯಿತು. ಕೈಗೆ ಹಳೆಯ ಬಿಗಿ ನೆನಪಾಗಲು ಹತ್ತು ಹನ್ನೆರಡು ಚೆಂಡು ಬೇಕಾಯಿತು. ಆಮೇಲೆ ಬಲಕ್ಕೆ ಓಡಿ ಹೊಡೆದದ್ದು ಗೆರೆಯ ಮೇಲೇ ಬಿದ್ದು ಸುಣ್ಣದ ಪುಡಿ ಎಬ್ಬಿಸಿತು. ಅದರ ಹಿಂದೆಯೇ ಇನ್ನೊಂದು. ಆರನೆಯದಕ್ಕೆ ಕೋಚ್ ಟೋಪಿ ತೆಗೆದರು.

"ಏನ್ ತಾಯೀ, ಒಳಗೆ ಹೋಗಿ ಏನು ಕುಡಿದು ಬಂದೆ?"

"ಏನೂ ಇಲ್ಲ ಸಾರ್. ಅಕ್ಕನಿಗೆ ಹೊಡೆದು ಬಂದೆ."

"ಹಾಗಾದ್ರೆ ದಿನಾ ಹೊಡಿ. ಬೇಕಾದ್ರೆ ಅವಳನ್ನ ನಾನು ಹಿಡ್ಕೊಳ್ತೀನಿ."

ಐದೂವರೆಗೆ ಅವಳು ಅಂಗಳದ ಮಧ್ಯೆ ನಿಂತೇ ಫೋನ್ ಮಾಡಿದಳು. "ಬರ್ತೀನಿ," ಅಂದಳು. ಆ ಕಡೆಯವರಿಗೆ ಕೇಳಿಸಲಿಲ್ಲವೇನೋ, ಇನ್ನೂ ಜೋರಾಗಿ ಹೇಳಿದಳು. ಪಕ್ಕದ ಅಂಗಳದಲ್ಲಿ ಆಡುತ್ತಿದ್ದವರು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

ಸುದ್ದಿ ಅಮ್ಮನಿಗೆ ಹೇಗೋ ಮುಟ್ಟಿತ್ತು. ನಾನು ಕೋಣೆ ಗುಡಿಸುತ್ತಿದ್ದಾಗ ಫೋನ್ ಬಂತು.

"ಹೋಗ್ತಾಳಂತಲ್ಲ," ಅಂದರು ಅಮ್ಮ. "ಹೋಗ್ಲಿ. ಆದ್ರೆ ನೀನು ಜೊತೆಗೆ ಹೋಗು. ಒಂದು ಚೂರು ಕುಂಟಿದ್ರೂ, ಸಾಕು ಬಾರೇ ಅಂತ ಹೇಳಿ ಕರ್ಕೊಂಡು ಬಾ. ಬೇರೆ ಯಾರ ಮಾತೂ ಕೇಳಲ್ಲ ಅವಳು. ನಿನ್ನ ಮಾತು ಕೇಳ್ತಾಳೆ."

"ಹೂಂ ಅಮ್ಮ."

"ಹೂಂ ಅಂದ್ರೆ ಹೇಳ್ತೀಯಾ?"

"ಜೊತೆಗೆ ಹೋಗ್ತೀನಮ್ಮ."

ಫೋನ್ ಇಟ್ಟು, ಪೊರಕೆ ಹಿಡಿದು ಹಾಗೇ ನಿಂತೆ. ನನ್ನ ಮಾತು ಕೇಳುತ್ತಾಳೆ, ನಿಜ. ಸೋಮವಾರ ಅವಳು ಕುಂಟಬಹುದು. ಮೊದಲ ಸುತ್ತಿನಲ್ಲೇ, ತನ್ನ ಅರ್ಧ ವಯಸ್ಸಿನ ಹುಡುಗಿಯ ಕೈಯಲ್ಲಿ ಸೋಲಬಹುದು. ಆಗ ಬೇಲಿಯ ಪಕ್ಕದಲ್ಲಿ ಕೂತ ನನ್ನ ಮುಖವನ್ನು ಅವಳು ಹುಡುಕಿಯೇ ಹುಡುಕುತ್ತಾಳೆ.

ಸಾಕು ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದನ್ನು ಹೇಳುವುದಿದ್ದರೆ ಅವಳೇ ಹೇಳಲಿ, ಅವಳಿಗೆ ಬೇಕಾದ ದಿನ.

"ಅಕ್ಕಾ!" ಹೊರಗಿನಿಂದ ಕೂಗಿದಳು. "ಅಮ್ಮ ಏನಂದ್ರು?"

"ಜೊತೆಗೆ ಹೋಗು ಅಂದ್ರು."

"ಅಷ್ಟೇನಾ?"

"ಅಷ್ಟೇ," ಎಂದು ಕತ್ತರಿಸಿದ ತಂತಿಯ ಚೂರುಗಳನ್ನು ಮೂಲೆಗೆ ಗುಡಿಸಿದೆ.