ಹುಚ್ಚೀರಪ್ಪನ ಎರಡು ಫ್ಯಾನು

ಹುಲಗಪ್ಪ ಕುಣಿಯೊಳಗಿಂದ ಮತ್ತೊಂದು ಬಕೆಟ್ಟು ನೀರು ಎತ್ತಿಕೊಟ್ಟ. ಮೇಲೆ ನಿಂತವರು ಅದನ್ನು ಕೈಯಿಂದ ಕೈಗೆ ದಾಟಿಸಿ ಬದುವಿನಾಚೆ ಚೆಲ್ಲಿದರು. ಖಾಲಿ ಬಕೆಟ್ಟು ತಿರುಗಿ ಬರುವಷ್ಟರಲ್ಲಿ ನೀರು ಅವನ ಮೊಣಕಾಲಿನ ಮೊದಲಿನ ಗುರುತಿಗೇ ಬಂದು ನಿಂತಿತ್ತು.

"ಇದು ಮುಗಿಯೂ ಕೆಲಸಲ್ಲರಿ," ಎಂದ ಹುಲಗಪ್ಪ. "ಇಡೀ ಕೆರಿ ಇತ್ಲಾಗ ತಿರುಗೇತಿ."

ಇಪ್ಪತ್ತು ಹೆಜ್ಜೆ ಆಚೆ, ಬೇವಿನ ನೆರಳಿನಲ್ಲಿ, ಹೂವಿನ ವಿಮಾನದೊಳಗೆ ಹುಚ್ಚೀರಪ್ಪ ಕೂತಿದ್ದ. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಮುಂದಕ್ಕೆ ಬಾಗದಂತೆ ಎದೆಗೆ ಕಟ್ಟಿದ ವಸ್ತ್ರ. ಕಣ್ಣು ಮುಚ್ಚಿದ್ದರೂ ಏನನ್ನೋ ಇನ್ನೂ ತೂಗಿ ನೋಡುತ್ತಿದ್ದಾನೆ ಅನ್ನಿಸುವ ಮುಖ. ಬದುಕಿದ್ದಾಗಲೂ ಹೀಗೆಯೇ ಕೂರುತ್ತಿದ್ದವನಾದ್ದರಿಂದ ಬಂದವರಿಗೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಮಲ್ಲಸಮುದ್ರದ ಈ ತಗ್ಗಿನ ಹೊಲದಲ್ಲಿ ಅವನ ಅಪ್ಪನ ಗದ್ದಿಗೆಯಿದೆ. ಅಪ್ಪ ಸತ್ತದ್ದು ಕೆರೆ ಬತ್ತಿ ದನ ಮೇಯುತ್ತಿದ್ದ ವರ್ಷ. ಈ ವರ್ಷ ಕೆರೆ ಕೋಡಿ ಬಿದ್ದಿದೆ. "ಮುತ್ಯಾನ ಬಾಜೂಕ ಇಡೂಣು" ಎಂದು ಮಗ ವೀರು ನಿನ್ನೆ ಸಂಜೆ ಹೇಳಿದಾಗ ಎಲ್ಲರೂ ಕಣ್ಣೊರೆಸಿಕೊಂಡು ಒಪ್ಪಿದ್ದರು. ಈ ಎರಡು ವರ್ಷಗಳ ನಡುವಿನ ವ್ಯತ್ಯಾಸ ಒಬ್ಬರಿಗೂ ಹೊಳೆಯಲಿಲ್ಲ.

"ಅಯ್ಯಾರ, ಮ್ಯಾಲಿನ ದಂಡಿಗೆ ಬ್ಯಾರೆ ತೋಡಿದ್ರ?" ವೀರು ಕೇಳಿದ.

ಅಯ್ಯನವರು ಪಡುವಣದ ಕಡೆ ನೋಡಿದರು. ಮೂರು ಗಂಟೆ ಮೀರಿತ್ತು. "ಪೂಜಿ ಆದ ಕುಣಿ ಬರಿದ ಬಿಡಬಾರದಪಾ. ಬಿಟ್ರ ಅದು ಮನ್ಯಾಗ ಇನ್ನೊಬ್ರನ್ನ ಕೇಳತೈತಿ. ಹೊತ್ತು ಮುಳುಗೂದ್ರಾಗ ಆಗಬೇಕು."

"ಹಂಗಾರ ನಾಕು ಕಲ್ಲಿಟ್ಟು, ಮ್ಯಾಲೆ ಕುಂದ್ರಿಸಿ ಮಣ್ಣು ಕೊಟ್ಟುಬಿಡೂಣು," ಎಂದರು ಹಿರಿಯರೊಬ್ಬರು. "ಮಣ್ಣು ಬಿದ್ದಮ್ಯಾಲೆ ನೀರು ಯಾರಿಗೆ ಕಾಣತೈತಿ?"

"ನನಗ ಕಾಣತೈತಿ."

ಎಲ್ಲರೂ ತಿರುಗಿದರು. ಹೆಂಗಸರೆಲ್ಲ ಕೆರೆಯ ಏರಿಯಿಂದಲೇ ಹಿಂದಕ್ಕೆ ಹೋಗಿದ್ದರು, ಕಸ್ತೂರೆವ್ವ ಹೋಗಿರಲಿಲ್ಲ. ಯಾರು ಕರೆದರೂ "ನೀವು ನಡೀರಿ" ಎಂದು ಗಂಡನ ವಿಮಾನದ ಹಿಂದೆ ಕುಣಿಯ ತನಕ ಬಂದವಳು ಈಗ ಅದರ ಅಂಚಿನಲ್ಲಿ ನಿಂತಿದ್ದಳು.

"ರಾಡ್ಯಾಗ ಅವರನ್ನ ಕುಂದ್ರಸಾಕ ನಾ ಬಿಡೂದಿಲ್ಲ," ಎಂದಳು. "ಇಭೂತಿ ಕರಗಿ, ಮೈ ತೇಲಿ... ಇಲ್ಲ. ಒಣಾ ಆಗಬೇಕು."

ಆಗ ಮಾತಾಡಿದವನು ಶಫೀಕ. ಬೆಟಗೇರಿಯಲ್ಲಿ ಗಾಡಿಗಳ ವಾಯರಿಂಗ್ ಮಾಡುವವನು, ಹುಚ್ಚೀರಪ್ಪನಿಗೆ ಹತ್ತು ವರ್ಷ ಚಿಕ್ಕವನು. "ಅಣ್ಣಾರ ಇಂಜಿನ್ ಐತೆಲ್ಲ," ಎಂದ.

"ಐತಿ," ಎಂದರು ಹಿರಿಯರು. "ಅದಕ್ಕ ಫ್ಯಾನ್ ಎಲ್ಲೈತಿ?"

ಸಾವಿನ ಜಾಗದಲ್ಲಿ ನಗಬಾರದು. ಇಬ್ಬರು ಕೆಮ್ಮಿದರು.

*

ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದ ಹುಚ್ಚೀರಪ್ಪ ನಿವೃತ್ತನಾದ ಮೇಲೆ ಗುಜರಿಯಿಂದ ಒಂದು ಹಳೆಯ ಬಸ್ ಇಂಜಿನ್ ತಂದ. ನಾಲ್ಕು ಗಾಲಿಯ ಬಂಡಿಯ ಮೇಲೆ ಅದನ್ನು ಕೂರಿಸಿ, ಪಂಪು ಜೋಡಿಸಿ, ತಗ್ಗಿನ ಹೊಲದಲ್ಲಿ ನಿಲ್ಲುವ ನೀರನ್ನು ಹೊರಗೆ ಹಾಕುವುದು ಅವನ ಯೋಜನೆ. ಎಲ್ಲವೂ ಆಯಿತು, ಕಾದ ಇಂಜಿನ್ನನ್ನು ತಂಪು ಮಾಡುವುದೊಂದನ್ನು ಬಿಟ್ಟು. ಬಸ್ಸಿನಲ್ಲಿ ರೇಡಿಯೇಟರು ಇಂಜಿನ್ನಿನ ಎದುರಿಗಿರುತ್ತದೆ, ನಡುವೆ ಫ್ಯಾನು; ಬಸ್ಸು ಓಡುವಾಗ ಹೊರಗಿನ ಗಾಳಿಯೂ ನುಗ್ಗುತ್ತದೆ. ಬಂಡಿಯಲ್ಲಿ ಆ ಜಾಗವನ್ನು ಪಂಪು ನುಂಗಿತು. ರೇಡಿಯೇಟರು ಪಕ್ಕಕ್ಕೆ ಸರಿಯಿತು. ನಿಂತಲ್ಲೇ ನಿಲ್ಲುವ ಬಂಡಿಗೆ ಹೊರಗಿನ ಗಾಳಿಯಿಲ್ಲ. ಹಾಗಾದರೆ ಪಕ್ಕದಲ್ಲಿ ಕೂತ ಫ್ಯಾನನ್ನು ತಿರುಗಿಸುವುದು ಯಾವುದು?

"ಬೆಲ್ಟ್," ಎನ್ನುತ್ತಿದ್ದ ಹುಚ್ಚೀರಪ್ಪ. "ಇಂಜಿನ್ ತಿರುಗೂತನಕ ಫ್ಯಾನೂ ತಿರುಗತೈತಿ. ನಂಬಿಗಸ್ತ."

"ಹೊಳ್ಳಿಸಿ ಹಾಕಿದ ಬೆಲ್ಟ್ ನಿಲ್ಲಂಗಿಲ್ಲಣ್ಣಾ," ಎನ್ನುತ್ತಿದ್ದ ಶಫೀಕ. "ಬ್ಯಾಟ್ರಿ ಫ್ಯಾನ್ ಹಾಕ್ರಿ. ಕಾರಿಗೆಲ್ಲ ಅದ ಬರತೈತಿ."

"ಬ್ಯಾಟ್ರಿ ಕೈಕೊಟ್ರ?"

"ಬೆಲ್ಟ್ ಹರದ್ರ?"

"ತಡಿ," ಎನ್ನುತ್ತಿದ್ದ ಹುಚ್ಚೀರಪ್ಪ, "ವಿಚಾರ ಮಾಡೂಣು."

ಈ ಮಾತು ಅವನ ಮನೆಯವರಿಗೆ ಹೊಸದಲ್ಲ. ಮಗಳು ಒಂದನೇ ಇಯತ್ತೆಗೆ ಹೋಗುವ ತನಕ ಹೆಸರಿಡದ ಅವಳನ್ನು ಎಲ್ಲರೂ ಪಾಪು ಎಂದೇ ಕರೆದರು. ಕೊನೆಗೆ ಹೆಸರು ಬರೆಸಲು ಬಂದ ದಿನ ಅವನು ಚೀಟಿಯಲ್ಲಿದ್ದ ಒಂಬತ್ತು ಹೆಸರುಗಳನ್ನು ನೋಡುತ್ತ ನಿಂತಾಗ, ಹೆಡ್ ಮಾಸ್ತರರೇ ಬೇಸತ್ತು ಕಾಂಚನಾ ಎಂದು ಬರೆದುಕೊಂಡರು. ಆ ಹೆಸರು ಚೀಟಿಯಲ್ಲಿರಲಿಲ್ಲ.

ಬೆಲ್ಟಿನದು, ಬ್ಯಾಟರಿಯದು, ಎರಡು ಫ್ಯಾನುಗಳೂ ಮೂರು ತಿಂಗಳು ಪಡಸಾಲೆಯ ಹೊರಸಿನ ಮೇಲೆ ಅಕ್ಕಪಕ್ಕ ಮಲಗಿದ್ದವು. ಮನೆಗೆ ಬಂದ ಬೀಗರು ಕೆಳಗೆ ಚಾಪೆಯ ಮೇಲೆ ಕೂತರು. ಕಸ್ತೂರೆವ್ವ ದಿನಕ್ಕೆ ಎರಡು ಸಲ ಇಬ್ಬರು ಗಂಡಸರಿಗೂ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು.

*

ಟ್ರ್ಯಾಕ್ಟರು ಇಂಜಿನ್ನಿನ ಬಂಡಿಯನ್ನು ಎರಡೂ ಫ್ಯಾನುಗಳ ಸಮೇತ ಎಳೆದು ತಂದಾಗ ನಾಲ್ಕು ಗಂಟೆ. ಬಿಸಿಲಿಗೆ ವಿಮಾನದ ಚೆಂಡುಹೂವು ಬಾಡಿ, ನೊಣ ಬರತೊಡಗಿದ್ದವು. ವೀರು ಟವೆಲ್ಲಿನಿಂದ ಅಪ್ಪನ ಮುಖಕ್ಕೆ ಗಾಳಿ ಹಾಕುತ್ತ, ತನ್ನ ಮುಖವನ್ನು ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದ.

ಶಫೀಕ ಮೊದಲು ತನ್ನ ಬ್ಯಾಟರಿ ಫ್ಯಾನನ್ನೇ ಕಟ್ಟಿದ. ಇಂಜಿನ್ ಗುಡುಗಿತು, ಪಂಪಿನ ಬಾಯಿಂದ ತೊಡೆಯ ದಪ್ಪ ಕಪ್ಪು ನೀರು ಬದುವಿನಾಚೆ ಹಾರಿತು. ಕುಣಿಯಲ್ಲಿ ನೀರು ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯಿತು. ಹುಲಗಪ್ಪ "ಬಂತು, ನೆಲ ಬಂತು!" ಎಂದು ಕೂಗಿದ. ಅಷ್ಟರಲ್ಲಿ ಫ್ಯಾನು ಮಂದವಾಗಿ, ಆಕಳಿಸಿ, ನಿಂತಿತು. ಬ್ಯಾಟರಿ ತುಂಬಿಸುವ ಡೈನಮೋ ಜೋಡಿಸುವುದು ಇನ್ನೂ ಬಾಕಿಯಿತ್ತು. ಅದನ್ನು ಎಡಕ್ಕೆ ಕೂರಿಸಬೇಕೋ ಬಲಕ್ಕೋ ಎಂಬ ವಿಚಾರ ನಡೆದಿತ್ತು. ರೇಡಿಯೇಟರು ಬುಸುಗುಟ್ಟಿ ಹಬೆ ಕಾರಿತು. ಇಂಜಿನ್ ಬಂದ್. ನೀರು ಮತ್ತೆ ಮೊಣಕಾಲಿಗೆ.

ಆಮೇಲೆ ಬೆಲ್ಟು. ಅದು ಎರಡು ಸಲ ಜಾರಿ ಬಿತ್ತು, ಮೂರನೆಯ ಸಲ ಹರಿದು ಹಿರಿಯರೊಬ್ಬರ ಕಿವಿಯ ಪಕ್ಕದಿಂದ ಹಾರಿಹೋಯಿತು.

"ಇಬ್ಬರೂ ಹೇಳಿದ್ದು ಖರೆ ಆತು," ಎಂದರು ಅವರು ಕಿವಿ ಮುಟ್ಟಿ ನೋಡಿಕೊಂಡು.

ಹೊತ್ತು ಬೇವಿನ ಮರದಿಂದ ಕೆಳಗಿಳಿಯಿತು. ವೀರು ತಾಯಿಯ ಬಳಿ ಬಂದು ತಗ್ಗಿದ ದನಿಯಲ್ಲಿ, "ಯವ್ವಾ, ಕಲ್ಲು ಇಡಸ್ತೀನಿ. ಇನ್ನ ಇಟಗೊಳ್ಳಾಕ ಆಗೂದಿಲ್ಲ ಅವರನ್ನ. ವಾಸನಿ..." ಎಂದು ಅರ್ಧಕ್ಕೆ ನಿಲ್ಲಿಸಿದ.

ಕಸ್ತೂರೆವ್ವ ಅವನನ್ನು ನೋಡಲಿಲ್ಲ. ಬದುವಿನಾಚೆ ಇನ್ನೂ ಹರಿಯುತ್ತಿದ್ದ ನೀರನ್ನು ನೋಡುತ್ತಿದ್ದಳು.

"ಶಫೀಕ, ಏನ್ ಬೇಕು ಅದಕ್ಕ?"

"ತಂಪು ಬೇಕಕ್ಕಾ. ಒಳಗಿನ ನೀರು ಕುದಿಯಾಕತ್ತೈತಿ. ಅದು ಆರಬೇಕಂದ್ರ ಗಾಳಿ ಬೇಕು, ಗಾಳಿ ಬೇಕಂದ್ರ ಫ್ಯಾನ್ ಬೇಕು."

"ಕುದ್ದದ್ದು ಆರಸೂದ್ಯಾಕ? ಚೆಲ್ಲಿಬಿಡ್ರಿ. ತಣ್ಣಂದು ಹಾಕ್ರಿ. ಇಷ್ಟೊಂದು ಎತ್ತಿ ಎತ್ತಿ ಒಗೀಲಿಕತ್ತೀರಿ, ಒಂದು ಸಣ್ಣ ಪೈಪಿನಾಗ ಅದಕ್ಕ ಕುಡಸಾಕ ಬರೂದಿಲ್ಲೇನು?"

ಶಫೀಕ ಬಾಯಿ ತೆರೆದ. ಪಂಪಿನ ಬಾಯಿ ನೋಡಿದ, ಇಂಜಿನ್ ನೋಡಿದ, ಕೊನೆಗೆ ವಿಮಾನದ ಕಡೆ ನೋಡಿದ.

"ರಾಡಿ ನೀರಕ್ಕಾ. ಒಳಗ ಹೂಳು ಕುಂತ್ರ ಇಂಜಿನ್ ಪೂರಾ ಹಾಳಾಗತೈತಿ."

"ಇನ್ಯಾರಿಗೆ ಬೇಕಾಗೇತಿ ಅದು?"

ಅವನು ಮಂಡಿಯೂರಿ ರೇಡಿಯೇಟರಿನ ಪೈಪು ಕಿತ್ತ. ಕೀಳುತ್ತ, ತಲೆಯೆತ್ತದೆ, "ಇದನ್ನ ಅಣ್ಣಾರಿಗೆ ಒಮ್ಮಿ ಹೇಳಬೇಕಿತ್ತು ನೀವು," ಎಂದ.

"ಯಾರು ಕೇಳಿದ್ರು?"

*

ಮೊನ್ನೆ ರಾತ್ರಿಯೇ ಹುಚ್ಚೀರಪ್ಪನಿಗೆ ಎದೆಯಲ್ಲಿ ಏನೋ ಹಿಡಿದಂತಾಗಿತ್ತಂತೆ. ಹೇಳಬೇಕೋ ಬೇಡವೋ ಎಂಬುದು ತೀರ್ಮಾನವಾಗದೆ ಮಲಗಿದ. ನಿನ್ನೆ ಬೆಳಿಗ್ಗೆ ನೋವು ತೋಳಿಗೆ ಇಳಿದಾಗ ವೀರು ಕಾರು ತಂದು ಬಾಗಿಲಿಗೆ ನಿಲ್ಲಿಸಿದ.

"ಅಪ್ಪಾ, ಜಲ್ದಿ. ಗದಗೋ ಹುಬ್ಬಳ್ಳಿಯೋ?"

"ಗದಗ ಹತ್ರ," ಎಂದ ಹುಚ್ಚೀರಪ್ಪ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಆದ್ರ ದೊಡ್ಡ ಡಾಕ್ಟರು ಹುಬ್ಬಳ್ಳ್ಯಾಗ ಅದಾರು. ಮತ್ತ ದಾರ್ಯಾಗ ಏನಾರ ಆತಂದ್ರ..."

"ಯಾವದರ ಒಂದು ಹೇಳ್ರಿ!" ಎಂದು ಕಸ್ತೂರೆವ್ವ ಚೀರಿದಳು. ಮದುವೆಯಾಗಿ ನಲವತ್ತು ವರ್ಷಗಳಲ್ಲಿ ಅವಳು ಗಂಡನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ.

"ತಡಿ," ಎಂದ ಅವನು ಮೆತ್ತಗೆ, ಹೊರಸಿನ ಮೇಲೆ ಫ್ಯಾನುಗಳನ್ನು ಚೂರು ಸರಿಸಿ ಕೂತು. ಕಾರು ಬಾಗಿಲಲ್ಲಿ ಚಾಲೂ ಇತ್ತು.

*

ಈ ಸಲ ಇಂಜಿನ್ ಕುದಿಯಲಿಲ್ಲ. ಒಂದು ಕಡೆಯಿಂದ ಕುಣಿಯ ತಣ್ಣನೆಯ ರಾಡಿ ಸಣ್ಣ ಪೈಪಿನಲ್ಲಿ ಅದರೊಳಗೆ ಹೋಗಿ, ಇನ್ನೊಂದು ಕಡೆಯಿಂದ ಬಿಸಿಯಾಗಿ ಬಂದು ನೆಲಕ್ಕೆ ಸುರಿಯಿತು. ಐದೂವರೆಗೆ ಕುಣಿಯ ತಳ ಕಂಡಿತು. ಹುಲಗಪ್ಪ ಉಸುಕು ಹಾಸಿ ಮೇಲೆ ವಿಭೂತಿ ಗಟ್ಟಿ ಜೋಡಿಸಿದ. ಹುಚ್ಚೀರಪ್ಪನನ್ನು ಇಳಿಸಿ, ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಇಂಜಿನ್ನಿನ ಅಬ್ಬರದಲ್ಲಿ ಅಯ್ಯನವರ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು.

"ಈಗ ಬಂದ್ ಮಾಡು," ಎಂದು ಯಾರೋ ಸನ್ನೆ ಮಾಡಿದರು.

ಶಫೀಕ ಕ್ಷಣ ನಿಲ್ಲಿಸಿದ. ಮೂಲೆಯಿಂದ ನೀರು ನಾಲಗೆ ಚಾಚಿ ವಿಭೂತಿಯ ಮೊದಲ ಗಟ್ಟಿಯನ್ನು ಮುಟ್ಟಿತು. ಕಸ್ತೂರೆವ್ವನ ಬಾಯಿಂದ ಬಂದ ಸದ್ದು ಮಾತಾಗಿರಲಿಲ್ಲ. ಅವನು ಮತ್ತೆ ಚಾಲೂ ಮಾಡಿದ. ನೀರೆಳೆಯುವ ಪೈಪು ಒಳಗಿರುವಾಗಲೇ, ಇಂಜಿನ್ ಓಡುತ್ತಿರುವಾಗಲೇ, ಎಲ್ಲರೂ ಮಣ್ಣು ಕೊಟ್ಟರು. ಗುದ್ದಲಿಗಳು ಅವಸರದಲ್ಲಿ ಒಂದಕ್ಕೊಂದು ಬಡಿದವು. ದಿಬ್ಬ ಎದ್ದ ಮೇಲೆ ನಾಲ್ಕು ಜನ ಎಳೆದರೂ ಪೈಪು ಬರಲಿಲ್ಲ.

"ಹೊರಗಿನ ಸಾಮಾನು ಒಳಗ ಉಳೀಬಾರದು," ಎಂದರು ಅಯ್ಯನವರು. ಆಮೇಲೆ ಕಸ್ತೂರೆವ್ವನ ಮುಖ ನೋಡಿ, "ಇರಲಿ, ಕೊಯ್ರಿ," ಎಂದರು.

ಶಫೀಕ ಇಂಜಿನ್ ನಿಲ್ಲಿಸಿ, ದಿಬ್ಬದಿಂದ ಒಂದು ಗೇಣು ಮೇಲೆ ಪೈಪನ್ನು ಗರಗಸದಿಂದ ಕೊಯ್ದ. ಇಡೀ ಮಧ್ಯಾಹ್ನದ ಗದ್ದಲ ಒಮ್ಮೆಲೇ ಹೋಗಿ, ಕೆರೆಯ ಕಡೆಯಿಂದ ಕಪ್ಪೆಗಳು ಕೇಳಿಸಿದವು. ಜನ ಸಾಲಾಗಿ ಬಿಲ್ವಪತ್ರಿ ಹಾಕತೊಡಗಿದರು.

ಆಗ ಪೈಪಿನ ಬಾಯಿಂದ ಸದ್ದು ಬಂತು. ಮೊದಲು ಉಸಿರು ಬಿಟ್ಟಂತೆ, ಆಮೇಲೆ ಒಳಗೆ ಎಲ್ಲೋ ಆಳದಲ್ಲಿ ನೀರು ಏರುವ ಗುಳುಗುಳು.

ಪತ್ರಿ ಹಾಕುತ್ತಿದ್ದವರ ಕೈ ನಿಂತಿತು. ಅಯ್ಯನವರು ಮಂತ್ರವನ್ನು ಜೋರು ಮಾಡಿದರು. ವೀರು ಪೈಪಿಗೆ ತುರುಕಲು ಒಂದು ಮಣ್ಣಿನ ಹೆಂಟೆ ಹುಡುಕಿದ. ಎಲ್ಲ ಹೆಂಟೆಯೂ ಹಸಿ.

ಕಸ್ತೂರೆವ್ವ ದಿಬ್ಬದ ಪಕ್ಕ ಕೂತು, ಅಂಗೈಯನ್ನು ಪೈಪಿನ ಬಾಯಿಗೆ ಒತ್ತಿ ಹಿಡಿದಳು. ಸದ್ದು ನಿಂತಿತು.

"ಯವ್ವಾ, ಹೊತ್ತು ಮುಳುಗಿತು. ಏಳಬೇ," ಎಂದ ವೀರು.

ಅವಳು ಇನ್ನೊಂದು ಕೈಯನ್ನೂ ಮೊದಲಿನದರ ಮೇಲೆ ಇಟ್ಟಳು. ಬೆರಳಿನ ಸಂದಿಯಿಂದ ತಂಪು ಗಾಳಿ ಬರುತ್ತಲೇ ಇತ್ತು.